ಪಾಠದಲ್ಲಿ ಶ್ರುತಿ ಗುರುವಿನದು

ಜಯನಗರ 5ನೇ ಬ್ಲಾಕ್, ಬೆಂಗಳೂರು
10 ಜೂನ್ 2024

ಪ್ರಿಯ ವಿಮಲಾ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಇರುವುದಿಲ್ಲ. ಡಾಕ್ಟರು ಏನನ್ನೂ ಬಚ್ಚಿಡಲಿಲ್ಲ. ನೀನು ಅಳಬೇಡ, ನಿನ್ನ ಮೈದುನನ ಮನೆಯವರನ್ನೂ ಅಳಿಸಬೇಡ. ಧಾರವಾಡದಿಂದ ರೈಲು ಹಿಡಿದು ಓಡಿಬರುವ ಸಾಹಸವಂತೂ ಬೇಡವೇ ಬೇಡ.

ಇರುವುದಿಲ್ಲ ಎಂದರೆ ಮನೆಯಲ್ಲಿ ಇರುವುದಿಲ್ಲ. ನಿಮ್ಮ ಬೀದಿಗೆ ಟಪಾಲು ಬರುವುದು ಹನ್ನೊಂದಕ್ಕೆ. ಆ ಹೊತ್ತಿಗೆ ನಾನು ನಾಲ್ಕನೇ ಬ್ಲಾಕಿನಲ್ಲಿ ಹೀರೇಕಾಯಿ ಆರಿಸುತ್ತಿರುತ್ತೇನೆ. ಡಾಕ್ಟರು ಬಚ್ಚಿಡದೆ ಹೇಳಿದ್ದು ಇಷ್ಟು: ‘ಸಾರ್, ನಿಮ್ಗೆ ಏನೂ ಆಗಿಲ್ಲ. ದಯವಿಟ್ಟು ವಾರ ವಾರ ಬರ್ಬೇಡಿ.’ ತಪ್ಪಾಯಿತು. ಎಪ್ಪತ್ತಮೂರಾದರೂ ಬುದ್ಧಿ ಬರಲಿಲ್ಲ ಎಂದು ಬೈದುಕೋ. ನಾಲ್ಕು ತಿಂಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಕಾಗದವನ್ನಾದರೂ ಕೊನೆಯವರೆಗೆ ಓದಲಿ ಎಂದು ಹೀಗೆ ಶುರುಮಾಡಿದೆ.

ನಾವೆಲ್ಲ ಕ್ಷೇಮ. ನಾವೆಲ್ಲ ಎಂದರೆ ನಾನು.

ಈಗ ಸಂಗತಿಗೆ ಬರುತ್ತೇನೆ. ನಾನು ಕಂಪ್ಯೂಟರ್ ಕೊಂಡಿದ್ದೇನೆ. ನಗಬೇಡ. ವಿಜಯಲಕ್ಷ್ಮಿ ಅಂತ ಒಬ್ಬ ಶಿಷ್ಯೆ. ಗದಗ ಕಡೆಯವಳು, ವಯಸ್ಸು ಮೂವತ್ತೆಂಟು, ಬಿಟಿಎಂನಲ್ಲಿ ತಾಯಿಯ ಜೊತೆ ಬಾಡಿಗೆ ಮನೆ. ಒಂದು ವರ್ಷ ಸಂಜೆ ಸಂಜೆ ಮನೆಗೇ ಬಂದು ಹಾಡು ಕಲಿತಳು. ಈಗ ಅವಳ ಆಫೀಸು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿದೆ. ಸಿಲ್ಕ್‌ಬೋರ್ಡ್ ದಾಟಿ ಬರುವಷ್ಟರಲ್ಲಿ ಅವಳ ಗಂಟಲಿನಲ್ಲಿ ಸ್ವರದ ಬದಲು ಹೊಗೆ ಇರುತ್ತದೆ. ‘ಸರ, ನೀವು ನಿಮ್ಮ ಮನ್ಯಾಗ ಕೂತು ಹೇಳಿಕೊಡ್ರಿ, ನಾ ನಮ್ಮ ಮನ್ಯಾಗ ಕೂತು ಕಲೀತೀನಿ. ಇಲ್ಲಂದ್ರ ಪಾಠ ಬಿಡಬೇಕಾಗ್ತದ’ ಅಂದಳು. ಬಿಡುವುದು ಎಂದರೇನು? ಮಾರನೆಯ ದಿನವೇ ಹೋಗಿ ಕಂಪ್ಯೂಟರ್ ತಂದೆ.

ಅದರ ಜೊತೆ ಒಂದು ಇಲಿ ಕೊಟ್ಟಿದ್ದಾರೆ. ಹೊಟ್ಟೆ ಮೊದಲೇ ಇತ್ತು, ಇಲಿಯೂ ಬಂತು, ಇನ್ನು ಸೊಂಡಿಲೊಂದು ಬಾಕಿ. ಪಾಸ್‌ವರ್ಡ್ ಅಂತ ಒಂದಿದೆ. ವರ್ಡ್ ನೆನಪಿದೆ, ಪಾಸಾಗುತ್ತಿಲ್ಲ. ಆದರೂ ಕಲಿಯುತ್ತಿದ್ದೇನೆ. ಹನ್ನೊಂದು ಜನ ಶಿಷ್ಯರಿದ್ದಾರೆ, ಅಷ್ಟು ಜನಕ್ಕೂ ಇನ್ನು ಹೀಗೆಯೇ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನೀನೂ ಒಂದು ಸಲ ಸೇರಿಕೊಳ್ಳಬಾರದೇ? ನಿನ್ನ ಮೈದುನನ ಮೊಬೈಲಿಗೆ ಲಿಂಕ್ ಕಳಿಸುತ್ತೇನೆ. ನಮಗಿಬ್ಬರಿಗೂ ಕಲಿಸಿದ ಮೇಷ್ಟ್ರು ಹೋದಮೇಲೆ ನಾನು ಹಾಡಿದ್ದು ಸರಿಯೋ ತಪ್ಪೋ ಎಂದು ಮುಖದ ಮೇಲೆ ಹೇಳುವವಳು ನೀನೊಬ್ಬಳೇ ಉಳಿದಿದ್ದೀಯ.

ನಿನ್ನ,
ಅನಂತಪದ್ಮನಾಭ (ಸದ್ಯಕ್ಕೆ ಕುಳಿತಿದ್ದಾನೆ, ಮಲಗಿಲ್ಲ)


ಧಾರವಾಡ
26 ಜೂನ್ 2024

ಅನಂತು,

ನಿನ್ನ ಕಾಗದದ ಮೊದಲ ನಾಲ್ಕು ಸಾಲು ಓದಿ ನಾನು ಕುರ್ಚಿಯಲ್ಲಿ ಕುಳಿತುಬಿಟ್ಟೆ. ಐದನೇ ಸಾಲಿಗೆ ಎದ್ದು ನಿನಗೆ ಶಾಪ ಹಾಕಿದೆ. ಇನ್ನು ಮುಂದೆ ನಿನ್ನ ಕಾಗದವನ್ನು ಕೊನೆಯಿಂದ ಓದುತ್ತೇನೆ.

ಹನ್ನೊಂದು ಜನ ಶಿಷ್ಯರು! ಮೇಷ್ಟ್ರಿಗೂ ಅಷ್ಟು ಜನ ಒಟ್ಟಿಗೆ ಇರಲಿಲ್ಲ. ನಿನಗೆ ಪುರುಸೊತ್ತು ಇಲ್ಲವೆಂದು ತಿಳಿದು ಒಂದು ರೀತಿ ಸಮಾಧಾನ. ಮಧುಮತಿ ಹೋದಮೇಲೆ ಹೆಂಡತಿಯಿಲ್ಲದ ಆ ಮನೆಯಲ್ಲಿ ನೀನು ಹೇಗಿದ್ದೀಯೋ ಎಂದು ನಾಲ್ಕು ವರ್ಷ ಯೋಚನೆ ಮಾಡಿದ್ದೆ.

ಭಾನುವಾರದ್ದು ಆಗುವುದಿಲ್ಲ. ಮೈದುನನ ಮೊಬೈಲು ಮೈದುನನಿಗೇ ಸಿಗುವುದಿಲ್ಲ. ಫೋನೂ ಬೇಡ. ಫೋನಿನಲ್ಲಿ ನೀನು ನಿಲ್ಲಿಸದೆ ಮಾತಾಡುತ್ತೀಯ, ಕಾಗದವಾದರೆ ನನಗೆ ಬೇಕಾದ ಕಡೆ ನಿಲ್ಲಿಸಬಹುದು, ಎರಡು ಸಲ ಓದಬಹುದು. ಬರೆ. ಏನು ಹೇಳಿಕೊಟ್ಟೆ, ಯಾವ ರಾಗ, ಎಲ್ಲಿ ತಡವರಿಸಿದರು, ಎಲ್ಲ ಬರೆ. ಕಂಜೂಸುತನ ಮಾಡಬೇಡ.

ನನ್ನ ತಂಬೂರಿಗೆ ಗವಸು ತೊಡಿಸಿ ಮೂಲೆಗೆ ನಿಲ್ಲಿಸಿದ್ದೇನೆ. ತಂತಿಗೆ ತುಕ್ಕು. ಇಲ್ಲಿ ಮನೆ ತುಂಬ ಎಂಟು ಜನ. ಎಲ್ಲರೂ ಮಾತಾಡುತ್ತಲೇ ಇರುತ್ತಾರೆ.

ವಿಮಲಾ


ಬೆಂಗಳೂರು
22 ಜುಲೈ 2024

ಪ್ರಿಯ ವಿಮಲಾ,

ಎಲ್ಲ ಬರೆ ಅಂದೆಯಲ್ಲ, ಅನುಭವಿಸು.

ಮೊದಲ ವಾರ ನಾನು ಕಂಪ್ಯೂಟರಿನಲ್ಲಿ ಕಾಣಿಸಲೇ ಇಲ್ಲ. ವಿಜಯಲಕ್ಷ್ಮಿಗೆ ಕಂಡದ್ದು ನಮ್ಮ ಫ್ಯಾನು. ‘ಸರ, ನಿಮ್ಮ ಫ್ಯಾನ್ ಭಾಳ ಛಂದ ತಿರಗತದ’ ಅಂದಳು. ಎರಡನೇ ವಾರ ಮುಖ ಕಾಣಿಸಿತು, ದನಿ ಇಲ್ಲ. ಒಂದು ಪೂರ್ತಿ ಪಲ್ಲವಿ ಹಾಡಿ ಕಣ್ಣು ತೆರೆದರೆ ಆಕೆ ಎರಡೂ ಕೈ ಆಡಿಸುತ್ತಿದ್ದಾಳೆ. ಮೆಚ್ಚಿಕೊಂಡಳು ಎಂದು ನಾನೂ ಕೈ ಮುಗಿದೆ. ಅದು ‘ಮ್ಯೂಟ್ ತಗೀರಿ’ ಅನ್ನುವ ಕೈ! ಮೂರನೇ ವಾರ ಮನೆಗೆಲಸದ ಕೆಂಪಕ್ಕ ಹಿಂದಿನಿಂದ ಪೊರಕೆ ಹಿಡಿದು ಹಾದುಹೋದಳು. ಪಾಠ ಮುಗಿಯುವಷ್ಟರಲ್ಲಿ ಎರಡು ಸಲ ಹಾದುಹೋದಳು, ಎರಡನೇ ಸಲ ಹೂ ಮುಡಿದುಕೊಂಡು.

ತಾಳದ ಕಥೆ ಬೇರೆ. ನಾನು ಇಲ್ಲಿ ತಟ್ಟುತ್ತೇನೆ, ಅದು ಮಡಿವಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅರ್ಧ ಅಕ್ಷರ ತಡವಾಗಿ ಅವಳ ಮನೆ ಸೇರುತ್ತದೆ. ಅವಳು ತಟ್ಟಿದ್ದು ಮತ್ತೆ ಅರ್ಧ ಅಕ್ಷರ ತಡವಾಗಿ ನನಗೆ. ತಾಳ ತಪ್ಪಿತು, ಆಮೇಲೆ ತಾಳ್ಮೆ ತಪ್ಪಿತು. ಕೊನೆಗೆ ಒಟ್ಟಿಗೆ ಹಾಡುವುದನ್ನೇ ಬಿಟ್ಟೆವು. ನಾನು ಒಂದು ಸಾಲು, ನಿಲ್ಲಿಸಿ, ಅವಳು ಒಂದು ಸಾಲು.

ಈಗ ನಿಜವಾದ ತೊಂದರೆ. ಆಕೆಗೆ ಶ್ರುತಿ ನಿಲ್ಲುತ್ತಿಲ್ಲ. ಮನೆಗೆ ಬರುತ್ತಿದ್ದಾಗ ಗೂಟ ಹೊಡೆದಂತೆ ಷಡ್ಜಕ್ಕೆ ನಿಲ್ಲುತ್ತಿದ್ದವಳು ಈಗ ಕಲ್ಯಾಣಿಯಲ್ಲಿ ಎರಡು ಸಾಲು ದಾಟುವಷ್ಟರಲ್ಲಿ ಜಾರುತ್ತಾಳೆ. ಆಫೀಸಿನ ಜೊತೆ ಕಿವಿಯೂ ಊರಾಚೆ ಹೋಯಿತೋ ಏನೋ. ನಮ್ಮ ಶ್ರುತಿಪೆಟ್ಟಿಗೆಯನ್ನು ಕಂಪ್ಯೂಟರಿನ ಮೂತಿಗೇ ಇಟ್ಟು ಜೋರು ಮಾಡಿದೆ. ಆದರೂ ಅದೇ.

‘ಸರ, ನಿಮ್ಮ ಶ್ರುತಿ ನನಗ ಕೇಳವಲ್ದು. ನನ್ನ ಫೋನ್ಯಾಗ ಒಂದ ಶ್ರುತಿ ಹಚ್ಚಿಕೊಳ್ಳಲೇನು?’ ಅಂದಳು.

‘ಪಾಠದಲ್ಲಿ ಶ್ರುತಿ ಗುರುವಿನದು ಕಣಮ್ಮ, ಶಿಷ್ಯರು ತಂದ್ಕೊಳ್ಳೋದಲ್ಲ’ ಅಂದೆ. ಮೇಷ್ಟ್ರು ನಮಗೆ ಹೇಳುತ್ತಿದ್ದ ಮಾತೇ. ನೀನು ಒಮ್ಮೆ ನಿನ್ನ ತಂಬೂರಿ ತಂದದ್ದಕ್ಕೆ ಅವರು ಅದನ್ನು ಹಜಾರದಲ್ಲೇ ಮಲಗಿಸಿದ್ದರಲ್ಲ.

ಮತ್ತೆ ಮೊನ್ನೆ ‘ಕೇಳವಲ್ದು’ ಅಂದಳು. ನನಗೂ ರೇಗಿತು. ‘ಕೇಳಿಸದಿದ್ರೆ ಕಿವಿ ತೊಳ್ಕೊಂಡು ಬನ್ನಿ. ಕಿವುಡರಿಗೆ ಸಂಗೀತ ಕಲಿಸೋಕೆ ನನ್ನ ಕೈಲಿ ಆಗಲ್ಲ’ ಅಂದೆ. ನೀನು ಆ ಮುಖ ನೋಡಬೇಕಿತ್ತು! ಕಂಪ್ಯೂಟರ್ ಹ್ಯಾಂಗ್ ಆಯಿತು ಅಂದುಕೊಂಡೆ, ಅಷ್ಟು ಹೊತ್ತು ಅಲ್ಲಾಡಲಿಲ್ಲ.

ಉಳಿದ ಹತ್ತು ಜನ ಚೆನ್ನಾಗಿ ಹಾಡುತ್ತಿದ್ದಾರೆ.

ಅನಂತು


ಬೆಂಗಳೂರು
19 ಆಗಸ್ಟ್ 2024

ಪ್ರಿಯ ವಿಮಲಾ,

ನಾಲ್ಕು ವಾರವಾಯಿತು. ಕಾಗದ ಸಿಗಲಿಲ್ಲವೇ? ಸಿಕ್ಕಿ ಕೊನೆಯಿಂದ ಓದಲು ಹೋಗಿ ಮೊದಲಿಗೆ ಬರಲೇ ಇಲ್ಲವೇ?

ಗೊತ್ತು, ಕೋಪ. ಕಂಪ್ಯೂಟರಿನಲ್ಲಿ ಪಾಠ ಹೇಳುವುದು ಅನಾಚಾರ ಅನ್ನಿಸಿರಬೇಕು ನಿನಗೆ. ನೀನು ಮೊದಲಿಂದಲೂ ಮಡಿ. ಆದರೆ ವಿಮಲಾ, ನಮ್ಮ ಬೀದಿಯಲ್ಲಿ ಈಗ ಕಾಲಿಂಗ್ ಬೆಲ್ ಒತ್ತುವವರು ಪಾರ್ಸೆಲ್ ಕೊಡುವವರು ಮಾತ್ರ. ಅವರೂ ಬಾಗಿಲಿಗೆ ಇಟ್ಟು, ಫೋಟೊ ತೆಗೆದು, ನಾನು ಬರುವಷ್ಟರಲ್ಲಿ ಹೋಗಿರುತ್ತಾರೆ. ನಾನೇನು ಮಾಡಲಿ?

ಒಂದು ಸಾಲು ಬರೆ.

ಅನಂತು


ಬೆಂಗಳೂರು
9 ಸೆಪ್ಟೆಂಬರ್ 2024

ವಿಮಲಾ,

ಗಣೇಶನನ್ನು ನಿನ್ನೆ ಬಕೆಟ್ಟಿನಲ್ಲಿ ಬಿಟ್ಟೆ. ಹಬ್ಬಕ್ಕೆ ಶಿಷ್ಯರು ಬರುತ್ತಾರೆಂದು ಕಡುಬು ಇಪ್ಪತ್ತೊಂದು ಮಾಡಿದ್ದೆ. ಕೆಂಪಕ್ಕನಿಗೆ ಹದಿನೆಂಟು ಕೊಟ್ಟೆ. ‘ಯಾರೂ ಬರ್ನಿಲ್ವಾ ಸಾಮಿ?’ ಅಂದಳು. ಎಲ್ಲರೂ ಆನ್‌ಲೈನ್, ಕಡುಬು ಲೈನಿನಲ್ಲಿ ಹೋಗೋಲ್ಲ ಅಂದೆ.

ಹುಷಾರಾಗಿದ್ದೀಯ ತಾನೇ?

ಅನಂತು


ಧಾರವಾಡ
27 ಸೆಪ್ಟೆಂಬರ್ 2024

ಅನಂತು,

ಹುಷಾರಾಗಿದ್ದೇನೆ.

ಆ ಹೆಣ್ಣುಮಗಳ ಹತ್ತಿರ ತಪ್ಪಾಯಿತು ಎಂದು ಹೇಳು. ಕೇಳಿಸುವುದಿಲ್ಲ ಎಂದು ಒಬ್ಬರು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಗೊತ್ತೇ? ಅವಳು ಎರಡು ಸಲ ಹೇಳಿದ್ದಾಳೆ. ಅವಳಿಗೆ ಏನು ಕೇಳುತ್ತದೆ, ಏನು ಕೇಳುವುದಿಲ್ಲ ಎಂದು ನಿನಗೆ ಹೇಗೆ ಗೊತ್ತು? ಅವಳ ಜಾಗದಲ್ಲಿ ಕುಳಿತು ನೋಡಿದೆಯಾ?

ಕಂಪ್ಯೂಟರಿನ ಬಗ್ಗೆ ನನಗೆ ಕೋಪವಿಲ್ಲ.

ವಿಮಲಾ


ಬೆಂಗಳೂರು
15 ಅಕ್ಟೋಬರ್ 2024

ಪ್ರಿಯ ವಿಮಲಾ,

ಅವಳ ಜಾಗದಲ್ಲಿ ಕುಳಿತು ನೋಡಿದೆ.

ಮಧುಮತಿಯ ಹಳೆಯ ಮೊಬೈಲು ಬೀರುವಿನಲ್ಲಿ ಇತ್ತು. ಚಾರ್ಜ್ ಹಾಕಿದೆ, ಜೀವ ಬಂತು. ಅದರ ನಂಬರಿಗೆ ಇಷ್ಟು ವರ್ಷವೂ ದುಡ್ಡು ಕಟ್ಟುತ್ತಲೇ ಇದ್ದೆ. ಹಾಲಿನಲ್ಲಿ ಕಂಪ್ಯೂಟರಿನ ಎದುರು ಶ್ರುತಿಪೆಟ್ಟಿಗೆ ಹಚ್ಚಿಟ್ಟು, ಆ ಮೊಬೈಲಿನಿಂದ ನನ್ನದೇ ಪಾಠಕ್ಕೆ ನಾನೇ ಶಿಷ್ಯನಾಗಿ ಸೇರಿಕೊಂಡೆ. ಕಂಪ್ಯೂಟರಿನಲ್ಲಿ ಎರಡು ಚೌಕ ಬಂತು. ಒಂದರಲ್ಲಿ ನನ್ನ ಖಾಲಿ ಕುರ್ಚಿ. ಇನ್ನೊಂದರ ಕೆಳಗೆ ‘ಮಧುಮತಿ’ ಅಂತ ಹೆಸರು. ಒಂದು ನಿಮಿಷ ಅದನ್ನೇ ನೋಡುತ್ತ ನಿಂತೆ. ಇರಲಿ.

ಮೊಬೈಲು ಹಿಡಿದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿವಿಗೆ ಇಟ್ಟುಕೊಂಡರೆ ಏನೂ ಇಲ್ಲ. ಕೆಟ್ಟಿದೆ ಅಂದುಕೊಂಡೆ. ಅಷ್ಟರಲ್ಲಿ ಹಾಲಿನಲ್ಲಿ ಕೆಂಪಕ್ಕ ಕೆಮ್ಮಿದಳು, ಕೆಮ್ಮು ಸ್ಪಷ್ಟವಾಗಿ ಕೇಳಿಸಿತು. ಬಕೆಟ್ ಎಳೆದಳು, ಅದೂ ಬಂತು. ‘ಸಾಮಿ ಎಲ್ಲೋದ್ರು’ ಎಂದು ತನಗೆ ತಾನೇ ಅಂದದ್ದೂ ಬಂತು. ಶ್ರುತಿ ಮಾತ್ರ ಇಲ್ಲ. ಬಾಗಿಲು ತೆಗೆದರೆ ಹಾಲಿನ ತುಂಬ ಶ್ರುತಿ, ಮುಚ್ಚಿದರೆ ಮೊಬೈಲಿನಲ್ಲಿ ಸ್ಮಶಾನ. ಏಳೆಂಟು ಸಲ ತೆಗೆದು ಮುಚ್ಚಿದೆ.

ಆಮೇಲೆ ಕನ್ನಡಕ ಏರಿಸಿ ಆ ಯಂತ್ರದ ಹೊಟ್ಟೆಯೊಳಗೆ ಹುಡುಕಿದೆ. ಹಿನ್ನೆಲೆಯ ಗದ್ದಲ ತೆಗೆಯುವುದು ಅಂತ ಒಂದು ಏರ್ಪಾಡು ಇದೆ, ತಾನಾಗಿಯೇ ಚಾಲೂ ಇರುತ್ತದೆ. ಒಂದೇ ಸಮನೆ ನಿಲ್ಲದೆ ಬರುವ ಸದ್ದು ಏನೇ ಇರಲಿ, ಫ್ಯಾನು, ಮಿಕ್ಸಿ, ಬೋರ್‌ವೆಲ್, ಅದನ್ನು ಕಸ ಎಂದು ಗುಡಿಸಿಹಾಕುತ್ತದೆ. ನಮ್ಮ ತಂಬೂರಿಗಿಂತ ಒಂದೇ ಸಮನೆ ಬರುವುದು ಇನ್ನೇನಿದೆ ಹೇಳು. ನಾವು ಯಾವುದರ ಮೇಲೆ ನಿಲ್ಲುತ್ತೇವೋ ಅದನ್ನೇ ಕಸ ಅಂದುಕೊಂಡಿದೆ. ಅಷ್ಟು ವಾರ ಅವಳು ಬರೀ ಗಾಳಿಯಲ್ಲಿ ಹಾಡಿದ್ದಳು. ಜಾರದೆ ಇನ್ನೇನು ಮಾಡಿಯಾಳು? ಅವಳ ಫೋನಿನಲ್ಲಿ ಇದ್ದ ಶ್ರುತಿಯನ್ನು ನಾನೇ ಬೇಡ ಅಂದಿದ್ದೆ.

ಮೂಲ ಧ್ವನಿ ಎಂಬ ಗುಂಡಿ ಒತ್ತಿದೆ. ಮತ್ತೆ ಅಡುಗೆಮನೆಗೆ ಓಡಿದೆ. ಶ್ರುತಿ ಒಗ್ಗರಣೆ ಡಬ್ಬಿಗಳ ನಡುವೆ ಗುಂಯ್ ಎಂದು ನಿಂತಿತ್ತು.

ವಿಜಯಲಕ್ಷ್ಮಿಗೆ ಎಲ್ಲ ಹೇಳಿ ತಪ್ಪು ಒಪ್ಪಿಕೊಂಡೆ. ನಕ್ಕಳು. ಈಗ ಮತ್ತೆ ಗೂಟದ ಹಾಗೆ ನಿಲ್ಲುತ್ತಾಳೆ. ನಿನ್ನಿಂದ ಕೆಲಸ ಆಯಿತು. ಸಮಾಧಾನವೇ?

ಅನಂತು


ಧಾರವಾಡ
11 ನವೆಂಬರ್ 2024

ಅನಂತು,

ನಿನ್ನ ಕಾಗದವನ್ನು ಮೂರು ವಾರ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಈಗ ನಾನೂ ಒಂದು ಹೇಳುತ್ತೇನೆ. ತಮಾಷೆ ಮಾಡಬೇಡ, ಅಯ್ಯೋ ಎಂದೂ ಬರೆಯಬೇಡ.

ನನಗೆ ಎರಡು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ಎರಡೂ ಕಿವಿಗೆ ಯಂತ್ರ ಹಾಕಿದ್ದಾರೆ. ಅದನ್ನು ಹಾಕಿಕೊಂಡರೆ ಎದುರಿಗೆ ಕುಳಿತು ನಿಧಾನವಾಗಿ ಹೇಳಿದ ಮಾತು ತಿಳಿಯುತ್ತದೆ. ಫೋನಿನಲ್ಲಿ ಮೊದಮೊದಲು ಊಹಿಸಿಕೊಂಡು ಉತ್ತರ ಕೊಡುತ್ತಿದ್ದೆ, ಈ ವರ್ಷ ಅದೂ ಆಗದಾಯಿತು. ನಿನ್ನ ಫೋನು ಎತ್ತದೆ ಇದ್ದದ್ದು ಅದಕ್ಕೆ. ಈ ಮನೆಯಲ್ಲಿ ಎಂಟು ಬಾಯಿ ಆಡುವುದನ್ನು ನೋಡುತ್ತ ಊಟ ಮಾಡುತ್ತೇನೆ. ಎಲ್ಲರೂ ನಕ್ಕಾಗ ನಾನೂ ನಗುತ್ತೇನೆ.

ಅದೆಲ್ಲ ಸಹಿಸಿದ್ದೆ. ಯಂತ್ರ ಹಾಕಿಕೊಂಡ ದಿನ ತಂಬೂರಿ ಮೀಟಿದೆ. ಮೀಟಿದ ಕ್ಷಣ ಟಿಣ್ ಎಂದಿತು, ಆಮೇಲೆ ಯಾರೋ ನೀರೊಳಗೆ ಮುಳುಗಿಸಿದ ಹಾಗೆ ಮಾಯವಾಯಿತು. ನಾಲ್ಕು ತಂತಿಯೂ ಹಾಗೆಯೇ. ನನ್ನ ಕಿವಿಯಲ್ಲಿ ಸಂಗೀತದ ಭಾಗ ಸತ್ತುಹೋಗಿದೆ ಎಂದು ಗವಸು ಹಾಕಿಬಿಟ್ಟೆ. ತುಕ್ಕು ಎಂದು ಬರೆದದ್ದು ಸುಳ್ಳು.

ಕಿವುಡರಿಗೆ ಕಲಿಸಲಾರೆ ಎಂದು ನೀನು ಬರೆದದ್ದು ಅವಳಿಗೆ ಎಂದು ಗೊತ್ತಿತ್ತು. ಆದರೂ ಎರಡು ತಿಂಗಳು ನಿನಗೆ ಬರೆಯಲು ಕೈ ಬರಲಿಲ್ಲ.

ಈಗ ನಿನ್ನ ಅಡುಗೆಮನೆಯ ಕಥೆ ಓದಿದಮೇಲೆ ಒಂದೇ ಯೋಚನೆ. ನನ್ನ ಕಿವಿಯಲ್ಲಿ ಇರುವುದೂ ಒಂದು ಯಂತ್ರ. ಅದೂ ತಂಬೂರಿಯನ್ನು ಫ್ಯಾನು ಅಂದುಕೊಂಡಿದ್ದರೆ? ಕೆಟ್ಟಿರುವುದು ನಾನಲ್ಲದೆ ಇದ್ದರೆ? ಅಂಗಡಿಯಲ್ಲಿ ಕೇಳಿದರೆ ‘ಮಾತು ಕೇಳ್ತದಲ್ರಿ ಅಜ್ಜಿ, ಮತ್ತೇನ ಬೇಕು’ ಎನ್ನುತ್ತಾರೆ. ಏನು ಕೇಳಬೇಕು ಎಂದು ನನಗೂ ತಿಳಿಯದು.

ನಿನ್ನ ವಿಜಯಲಕ್ಷ್ಮಿ ಇಂಥದ್ದರಲ್ಲಿ ಚುರುಕು ಎಂದು ಕಾಣುತ್ತದೆ. ಅವಳನ್ನು ಕೇಳಿ ಬರೆಯುತ್ತೀಯಾ? ಇಲ್ಲ ಎಂದಾದರೆ ಇಲ್ಲ ಎಂದೇ ಬರೆ.

ವಿಮಲಾ


ಬೆಂಗಳೂರು
2 ಡಿಸೆಂಬರ್ 2024

ವಿಮಲಾ,

ಅಯ್ಯೋ ಎಂದು ಬರೆಯುವುದಿಲ್ಲ. ತಮಾಷೆಯನ್ನೂ ಮಾಡುವುದಿಲ್ಲ. ನಾಲ್ಕು ತಿಂಗಳಿಂದ ಫೋನ್ ಎತ್ತುತ್ತಿಲ್ಲ ಎಂದು ಮೂತಿ ಊದಿಸಿಕೊಂಡು ಕುಳಿತಿದ್ದವನು ನಾನು.

ನೀನು ಊಹಿಸಿದ್ದು ಸರಿ ಇರಬಹುದು. ವಿಜಯಲಕ್ಷ್ಮಿ ಹುಡುಕಿ ತೆಗೆದಳು. ಕಿವಿಯ ಯಂತ್ರವೂ ಒಂದೇ ಸಮನೆ ಬರುವ ಸದ್ದನ್ನು ಕತ್ತರಿಸುತ್ತದೆಯಂತೆ. ಕೆಲವು ಸಲ ಉದ್ದವಾಗಿ ನಿಂತ ಸ್ವರವನ್ನು ತನ್ನದೇ ಕೀಚಲು ಎಂದು ತಿಳಿದು ಅದನ್ನೂ ಅಮುಕುತ್ತದೆಯಂತೆ. ಎಷ್ಟೋ ಯಂತ್ರಗಳಲ್ಲಿ ಮಾತಿಗೆ ಒಂದು ಪ್ರೋಗ್ರಾಂ, ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡಬಹುದು. ನಿನ್ನದರಲ್ಲಿ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ಕಿವಿ ಮೊದಲಿನಂತೆ ಆಗುವುದಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ.

ಈ ಕೆಳಗಿನದನ್ನು ಹರಿದುಕೊಂಡು ಅಂಗಡಿಯವನ ಕೈಗೆ ಕೊಡು. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

‘ಇವರು ಸಂಗೀತಗಾರರು. ಮಾತು ಕೇಳಿಸಿದರೆ ಸಾಲದು. ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡಿ. ಅದರಲ್ಲಿ ಗದ್ದಲ ಕತ್ತರಿಸುವುದನ್ನು ನಿಲ್ಲಿಸಿ, ಕೀಚಲು ತಡೆಯುವುದನ್ನು ಕಡಿಮೆ ಮಾಡಿ. ಶ್ರುತಿ ಹಚ್ಚಿ, ಇವರು ಕೇಳಿಸಿತು ಅನ್ನುವವರೆಗೆ ತಿದ್ದಿ.’

ಶ್ರುತಿಪೆಟ್ಟಿಗೆಯನ್ನು ಅಂಗಡಿಗೆ ಹೊತ್ತುಕೊಂಡೇ ಹೋಗು. ನಾಚಿಕೊಳ್ಳಬೇಡ.

ಅನಂತು


ಧಾರವಾಡ
22 ಜನವರಿ 2025

ಅನಂತು,

ಮೂರು ಸಲ ಹೋಗಬೇಕಾಯಿತು. ಮೊದಲ ಸಲ ಅಂಗಡಿಯವನು ನಿನ್ನ ಚೀಟಿ ಓದಿ ‘ಇದನ್ನ ಇಲ್ಲೀತನಕ ಯಾರೂ ಕೇಳಿದ್ದಿಲ್ಲ ಬಿಡ್ರಿ ಅಜ್ಜಿ’ ಅಂದ. ಎರಡನೇ ಸಲ ಅವನ ಮೇಲಿನವರನ್ನು ಕೇಳಿ ತಿಳಿದುಕೊಂಡ. ಮೂರನೇ ಸಲ ಶ್ರುತಿಪೆಟ್ಟಿಗೆ ಹಚ್ಚಿ ಕುಳಿತೆವು. ಅವನು ಏನೋ ಒತ್ತುತ್ತಾನೆ, ಕೇಳ್ತದೇನ್ರಿ ಎಂದು ಕೈಮಾಡುತ್ತಾನೆ, ಇಲ್ಲ ಎಂದು ನಾನು ತಲೆ ಆಡಿಸುತ್ತೇನೆ. ಹಾಗೆ ಎಷ್ಟು ಸಲವೋ.

ಆಮೇಲೆ ಬಂತು.

ಮೊದಲಿನ ಹಾಗಲ್ಲ. ಮಂದ್ರ ಇನ್ನೂ ಇಲ್ಲ. ಪಂಚಮ ತಗಡಿನ ಡಬ್ಬಿಯೊಳಗಿಂದ ಬಂದ ಹಾಗಿದೆ. ಆದರೆ ಬಂದದ್ದು ಹೋಗಲಿಲ್ಲ, ನಿಂತಿತು. ನಾನು ಎದ್ದೇಳಲಿಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು, ಕಾಯಲಿ ಎಂದು ಕುಳಿತೆ.

ನನಗೆ ಈಗ ಒಂದು ಆಸೆ. ಮೈದುನನ ಮಗಳು ವಿಭಾ ತನ್ನ ಲ್ಯಾಪ್‌ಟಾಪಿನಿಂದ ಯಂತ್ರಕ್ಕೆ ನೇರವಾಗಿ ದನಿ ಬರುವ ಹಾಗೆ ಮಾಡಿಕೊಡುತ್ತಾಳಂತೆ. ಫೆಬ್ರವರಿ ಒಂಬತ್ತು, ಭಾನುವಾರ, ಹನ್ನೊಂದು ಗಂಟೆಗೆ ನಿನ್ನ ಪಾಠಕ್ಕೆ ಸೇರುತ್ತೇನೆ. ಆದರೆ ಮೊದಲು ನಿನ್ನ ಹಾಡು ಬೇಡ. ನಿನ್ನದನ್ನು ಐವತ್ತೈದು ವರ್ಷ ಕೇಳಿದ್ದೇನೆ. ವಿಜಯಲಕ್ಷ್ಮಿ ಹಾಡಲಿ. ನನಗೆ ಕಿವಿ ತಿರುಗಿ ಕೊಟ್ಟವಳು ಅವಳು. ಎರಡು ವರ್ಷದ ಮೇಲೆ ಕೇಳುವ ಮೊದಲ ಹಾಡು ಅವಳದಾಗಲಿ. ಕಲ್ಯಾಣಿಯೇ ಆಗಲಿ.

ಅವಳಿಗೆ ಹೇಳು.

ವಿಮಲಾ


ಬೆಂಗಳೂರು
3 ಫೆಬ್ರವರಿ 2025

ವಿಮಲಾ,

ಈ ಕಾಗದವನ್ನು ಕೊನೆಯಿಂದ ಓದಬೇಡ.

ವಿಜಯಲಕ್ಷ್ಮಿ ಜುಲೈನಲ್ಲೇ ಪಾಠ ಬಿಟ್ಟಳು. ಕಿವಿ ತೊಳೆದುಕೊಂಡು ಬನ್ನಿ ಎಂದೆನಲ್ಲ, ಅವತ್ತೇ ಕೊನೆ. ಮಾರನೆಯ ದಿನ ‘ನನಗ ಆಗೂದಿಲ್ರಿ ಸರ, ಕ್ಷಮಿಸ್ರಿ’ ಎಂದು ಒಂದು ಮೆಸೇಜ್ ಕಳಿಸಿದಳು. ತಪ್ಪು ಒಪ್ಪಿಕೊಂಡೆ, ಅವಳು ನಕ್ಕಳು ಎಂದೆಲ್ಲ ಬರೆದದ್ದು ಸುಳ್ಳು. ಕಿವಿಯ ಯಂತ್ರದ ವಿಷಯ ಹುಡುಕಿದ್ದು ನಾನು. ಎರಡು ವಾರ, ಒಂದೊಂದೇ ಅಕ್ಷರ ಒತ್ತಿ. ಹನ್ನೊಂದು ಶಿಷ್ಯರೂ ಇಲ್ಲ. ಇದ್ದವಳು ಅವಳೊಬ್ಬಳೇ. ಅವಳು ಹೋದಮೇಲೂ ನಾನು ದಿನಾ ಸಂಜೆ ಆರಕ್ಕೆ, ಭಾನುವಾರ ಹನ್ನೊಂದಕ್ಕೆ ಪಾಠ ತೆರೆಯುತ್ತೇನೆ. ಒಂದು ಸಾಲು ಹಾಡಿ ನಿಲ್ಲಿಸುತ್ತೇನೆ. ಅವಳ ಸಾಲಿನಷ್ಟು ಹೊತ್ತು ಸುಮ್ಮನಿದ್ದು ಮುಂದಿನದು ಹಾಡುತ್ತೇನೆ. ಒಂದು ಗಂಟೆಯಾದಮೇಲೆ ಮುಚ್ಚುತ್ತೇನೆ.

ನೀನು ಅವಳ ಹಾಡು ಕೇಳಬೇಕು ಎಂದು ಬರೆದಮೇಲೆ ಇನ್ನು ದಾರಿ ಇರಲಿಲ್ಲ. ಮೊನ್ನೆ ಶನಿವಾರ ಬಸ್ಸು ಹತ್ತಿ ಬಿಟಿಎಂಗೆ ಹೋದೆ. ಮೂರನೇ ಮಹಡಿ, ಲಿಫ್ಟಿಲ್ಲ. ಬಾಗಿಲು ತೆಗೆದದ್ದು ಅವಳ ತಾಯಿ ಶಿವವ್ವ. ಹೆಸರು ಹೇಳಿದೆ.

‘ನೀವ ಏನ್ರಿ ಆ ಮಾಸ್ತರು? ನನ್ನ ಮಗಳಿಗೆ ಕಿವಿ ತೊಳಕೊಂಡ ಬಾ ಅಂದವ್ರು?’

‘ಹೌದಮ್ಮ, ನಾನೇ.’

‘ಬರ್ರಿ ಒಳಗ. ಮೆಟ್ಟಲ ಹತ್ತಿ ದಣದೀರಿ, ಮೊದಲ ಚಾ ಕುಡೀರಿ. ಬೈಯೂದು ಆಮ್ಯಾಲೆ ಐತಿ.’

ವಿಜಯಲಕ್ಷ್ಮಿ ಒಗೆದ ಬಟ್ಟೆ ಮಡಚುತ್ತಿದ್ದಳು, ನನ್ನನ್ನು ನೋಡಿ ಎದ್ದು ನಿಂತಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಯಂತ್ರ ಶ್ರುತಿ ನುಂಗಿದ್ದು, ನಾನು ಅಡುಗೆಮನೆಯಲ್ಲಿ ಕಂಡುಕೊಂಡದ್ದು. ‘ನಿಮ್ಮ ಕಿವಿಯದು ಏನೂ ತಪ್ಪಿರ್ಲಿಲ್ಲಮ್ಮ. ನನ್ನದು. ನಿಮ್ಮ ಫೋನ್ ಶ್ರುತಿ ಹಾಕ್ಕೊಳ್ಳೋಕೆ ಬಿಟ್ಟಿದ್ರೂ ಇಷ್ಟಾಗ್ತಿರ್ಲಿಲ್ಲ’ ಅಂದೆ.

ಅವಳು ಟವೆಲ್ಲಿನ ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಳು. ‘ಆರು ತಿಂಗಳಾತ್ರಿ ಸರ. ಅನ್ನಕ್ಕ ಇಟ್ಟಾಗ ಗುನುಗತಿದ್ದೆ, ಅದನ್ನೂ ಬಿಟ್ಟೆ. ದೇವ್ರು ನನಗ ಆ ಕಿವಿ ಕೊಟ್ಟಿಲ್ಲ ಅಂತ ತಿಳಕೊಂಡು ಸುಮ್ಮನಾದೆ.’

ನಿನ್ನ ಬಗ್ಗೆ ಹೇಳಿದೆ. ಭಾನುವಾರ ಧಾರವಾಡದಲ್ಲಿ ಒಬ್ಬರು ಕಾಯುತ್ತಾರೆ ಅಂದೆ. ‘ನೋಡ್ತೀನ್ರಿ’ ಅಂದಳು. ಬರುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಹಾಗಾಗಿ ಭಾನುವಾರ ನಿನಗೆ ಯಾರ ಹಾಡು ಕೇಳುತ್ತದೋ ನನಗೆ ಗೊತ್ತಿಲ್ಲ.

ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲಿಗೆ ಬಂದಳು.

‘ಸರ, ಒಂದ ಮಾತು ಕೇಳ್ಲೇನು? ದಸರಾ ಆದಮ್ಯಾಲೆ ನನಗ ಒಂದ ಫೋನ್ ಬಂದಿತ್ತು. ಹಲೋ ಅಂದೆ. ಆ ಕಡೆಯಿಂದ ರಾಂಗ್ ನಂಬರ್ ಅಂದು ಇಟ್ರು. ಹೊಸಾ ನಂಬರು, ದನಿ ಬ್ಯಾರೆ. ಆದ್ರೂ ನನಗ ನೀವ ಅನಿಸ್ತು. ನೀವೇನ್ರಿ?’

‘ನಾನಲ್ಲಮ್ಮ. ಯಾರೋ ಇರ್ಬೇಕು’ ಅಂದೆ.

‘ಹಂಗಾರ ನನ್ನ ಕಿವೀದ ತಪ್ಪು ಬಿಡ್ರಿ’ ಎಂದು ಬಾಗಿಲು ಮುಂದೆ ಮಾಡಿಕೊಂಡಳು.

ಮೂರು ಮಹಡಿ ಇಳಿದು ರಸ್ತೆಗೆ ಬಂದಮೇಲೆ ನಾನು ಏನು ಮಾಡಿದೆ ಎಂದು ನನಗೆ ಹೊಳೆಯಿತು. ಮತ್ತೆ ಹತ್ತಬೇಕಿತ್ತು. ಬಸ್ಸು ಬಂತು, ಹತ್ತಿಕೊಂಡೆ.

ಭಾನುವಾರ ಅವಳು ಬಂದರೆ ಎಲ್ಲಕ್ಕಿಂತ ಮೊದಲು ನಿನ್ನ ಎದುರಿಗೇ ಹೇಳುತ್ತೇನೆ. ಬಾರದಿದ್ದರೆ ಸೋಮವಾರ ಆ ಮೆಟ್ಟಿಲು ಹತ್ತುತ್ತೇನೆ. ಅಷ್ಟರೊಳಗೆ ನನ್ನ ಬಾಯಿ ಮತ್ತೊಂದು ಕಥೆ ಕಟ್ಟಬಾರದು, ಅದಕ್ಕೆ ನಿನ್ನಲ್ಲಿ ಬರೆದಿಡುತ್ತಿದ್ದೇನೆ. ಅಡುಗೆಮನೆಯಲ್ಲಿ ತಪ್ಪು ಗೊತ್ತಾದ ದಿನ ಮಧುಮತಿಯ ಮೊಬೈಲಿನಿಂದ ಅವಳಿಗೆ ಫೋನ್ ಮಾಡಿದ್ದು ನಾನು. ಅವಳು ಹಲೋ ಎಂದ ಕೂಡಲೇ ಮೂಗು ಹಿಡಿದುಕೊಂಡು ‘ರಾಂಗ್ ನಂಬರ್’ ಅಂದದ್ದು ನಾನು. ಅವಳಿಗೆ ಸರಿಯಾಗಿಯೇ ಕೇಳಿಸಿತ್ತು.

ಅನಂತು